ಬಿಳಿ ಟೇಬಲ್ ಕ್ಲಾತಿಗೆ ಕೆಂಪು ಹೂ: ಒಗೆದರೂ ಏಳದ ಆಪ್ಲಿಕ್ ಮಾಡುವುದು ಹೇಗೆ?

ಪ್ರಶ್ನೆ: ಕ್ರಿಸ್‌ಮಸ್ ಊಟಕ್ಕೆಂದು 60×90 ಇಂಚಿನ ಬಿಳಿ ಕಾಟನ್ ಟೇಬಲ್ ಕ್ಲಾತ್, 13×72 ಇಂಚಿನ ರನ್ನರ್ (ಮೇಜಿನ ನಡುವೆ ಉದ್ದಕ್ಕೆ ಹಾಸುವ ಪಟ್ಟಿ) ಮತ್ತು 18 ಇಂಚಿನ ಆರು ನ್ಯಾಪ್ಕಿನ್‌ಗಳನ್ನು ರೆಡಿಮೇಡ್ ತಂದಿದ್ದೇನೆ. ಮೇಜು 5 ಅಡಿ ಉದ್ದ, 3 ಅಡಿ ಅಗಲ. ಕೆಂಪು ಪಾಯಿನ್‌ಸೆಟಿಯಾ ಹೂ, ಹಸಿರು ಎಲೆ, ಕೆಲವು ನಕ್ಷತ್ರಗಳನ್ನು ಆಪ್ಲಿಕ್ ಮಾಡುವ, ಅಂದರೆ ಬೇರೆ ಬಟ್ಟೆಯಿಂದ ಆಕಾರ ಕತ್ತರಿಸಿ ಇದರ ಮೇಲೆ ಹೊಲಿಯುವ ಆಸೆ. ಕಳೆದ ವರ್ಷ ಬೇರೊಂದು ಬಟ್ಟೆಗೆ ಹೀಗೇ ಇಸ್ತ್ರಿಯಿಂದ ಅಂಟಿಸಿ, ಅಲ್ಲಲ್ಲಿ ಜಿಗ್‌ಜ್ಯಾಗ್ ಹೊಡೆದಿದ್ದೆ. ಒಂದೇ ಒಗೆತಕ್ಕೆ ಅಂಚು ಎದ್ದಿತು, ಹೂವಿನ ಸುತ್ತ ಬಟ್ಟೆ ಸುಕ್ಕುಗಟ್ಟಿತು, ಬಿಳಿ ಬಟ್ಟೆಗೆ ಗುಲಾಬಿ ಬಣ್ಣ ಹಿಡಿಯಿತು. ಈ ಸಲ ಏನು ಮಾಡಬೇಕು? ಹಳೆಯದನ್ನು ಉಳಿಸಿಕೊಳ್ಳಬಹುದೇ? (ಮಂಗಳೂರಿನ ಓದುಗರು)

ಉತ್ತರ: ನಿಮ್ಮ ಮೂರೂ ತೊಂದರೆಗಳ ಬೇರು ಹೆಚ್ಚುಕಡಿಮೆ ಒಂದೇ. ಬಟ್ಟೆಗಳನ್ನು ಒಗೆಯದೆ ಕೆಲಸ ಶುರುವಾಗಿದೆ. ಟೇಬಲ್ ಕ್ಲಾತಿನ ಮೇಲೆ ಸಾರು ಚೆಲ್ಲುತ್ತದೆ, ವೈನ್ ಚೆಲ್ಲುತ್ತದೆ, ಆಮೇಲೆ ಸೋಪು, ನೀರು, ಬಿಸಿ ಇಸ್ತ್ರಿ ಎಲ್ಲವೂ ಅದರ ಮೇಲೆ ಹಾಯುತ್ತವೆ. ಹಾಗಾಗಿ ಬಟ್ಟೆ ಆರಿಸುವಾಗ, ಅಂಟಿಸುವಾಗ, ಹೊಲಿಯುವಾಗ ಪ್ರತಿ ಸಲವೂ ಕೇಳಿಕೊಳ್ಳಬೇಕಾದದ್ದು ಇದು ಒಗೆತವನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನೇ. ಚೆಂದ ಕಾಣುವ ವಿಚಾರ ಆಮೇಲಿನದು.

ಅಂಗಡಿಯಿಂದ ಬಂದ ಕಾಟನ್ ಬಟ್ಟೆಯಲ್ಲಿ ಗಂಜಿ ಮತ್ತು ಫಿನಿಶಿಂಗ್ ರಾಸಾಯನಿಕ ಕೂತಿರುತ್ತವೆ. ಅಂಟು ಅವುಗಳ ಮೇಲೆ ಹಿಡಿಯುತ್ತದೆಯೇ ಹೊರತು ನೂಲಿನ ಒಳಗೆ ಇಳಿಯುವುದಿಲ್ಲ. ಮೊದಲ ಒಗೆತದಲ್ಲಿ ಗಂಜಿ ಕರಗಿದಾಗ ಅಂಟೂ ಬಿಡುತ್ತದೆ. ಅದೇ ಒಗೆತದಲ್ಲಿ ಬಟ್ಟೆ ಕುಗ್ಗುವುದೂ ಇದೆ. ಕಾಟನ್ ಶೇ. 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. 90 ಇಂಚಿನ ಉದ್ದದಲ್ಲಿ ಶೇ. 4 ಎಂದರೆ ಮೂರೂವರೆ ಇಂಚಿಗೂ ಹೆಚ್ಚು. ಕೆಳಗಿನ ಬಟ್ಟೆ ಇಷ್ಟು ಕುಗ್ಗಿ, ಮೇಲೆ ಅಂಟಿಸಿದ ತುಂಡು ಅಂಟಿನ ಬಲದಿಂದ ಅಷ್ಟು ಕುಗ್ಗದೆ ನಿಂತಾಗ ಹೂವಿನ ಸುತ್ತ ಸುಕ್ಕು ಬೀಳಲೇಬೇಕು. ಆದ್ದರಿಂದ ಟೇಬಲ್ ಕ್ಲಾತ್, ರನ್ನರ್, ನ್ಯಾಪ್ಕಿನ್, ಕೆಂಪು, ಹಸಿರು, ಹಳದಿ ಹೀಗೆ ಎಲ್ಲವನ್ನೂ, ಬಣ್ಣದವನ್ನು ಬೇರೆಬೇರೆಯಾಗಿ, ಒಮ್ಮೆ ಬಿಸಿನೀರಲ್ಲಿ ಒಗೆದು ಒಣಗಿಸಿ. ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ, ಅದರ ಪದರವೂ ಅಂಟಿಗೆ ಅಡ್ಡ. ಒಣಗಿದ ಮೇಲೆ ಇಸ್ತ್ರಿ ಮಾಡಿ ಮತ್ತೆ ಅಳತೆ ತೆಗೆದುಕೊಳ್ಳಿ.

ಒಗೆದ ಟೇಬಲ್ ಕ್ಲಾತಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರಿಕೊಂಡರೆ ಸರಿ. ಮುತ್ತಿನಂತೆ ನಿಂತರೆ ಅದಕ್ಕೆ ಕಲೆ ಹಿಡಿಯದ ಲೇಪ ಇದೆ ಎಂದರ್ಥ, ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಅಂಥ ಬಟ್ಟೆಗೆ ಕೈಯಿಂದ ಅಂಚು ಮಡಿಸಿ ಹೊಲಿಯುವ ಆಪ್ಲಿಕ್ ಒಂದೇ ದಾರಿ.

ಈಗ ಕೆಂಪಿನ ವಿಚಾರ. ಆಪ್ಲಿಕ್‌ಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಬಟ್ಟೆ ಮ್ಯಾಚಿಂಗ್ ಸೆಂಟರ್‌ನ ಬ್ಲೌಸ್ ಪೀಸ್, ಅಂದರೆ ಟೂ ಬೈ ಟೂ ರುಬಿಯಾ. ತೆಳು, ನೇಯ್ಗೆ ಒತ್ತು, ಕತ್ತರಿಸಿದ ಅಂಚು ಬೇಗ ನೂಲು ಬಿಡುವುದಿಲ್ಲ, ಒಂದೇ ಕೆಂಪಿನಲ್ಲಿ ನಾಲ್ಕಾರು ಛಾಯೆ ಸಿಗುತ್ತವೆ. ಕೇಂಬ್ರಿಕ್ ಅಥವಾ ಪಾಪ್ಲಿನ್ ಕೂಡ ಆಗುತ್ತದೆ. ಬಿಳಿಯ ಮೇಲೆ ಇಡುವ ಮೊದಲು ಪ್ರತಿ ಬಣ್ಣದ ಎರಡಿಂಚು ತುಂಡನ್ನು ಬಿಳಿ ಕಾಟನ್ ಚೂರಿನ ಜೊತೆ ಸುತ್ತಿ, ಸೋಪು ಬೆರೆಸಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಆಮೇಲೆ ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಇಸ್ತ್ರಿ ಒತ್ತಿ. ಎರಡರಲ್ಲೂ ಬಿಳಿ ಬಿಳಿಯಾಗಿಯೇ ಉಳಿಯಬೇಕು. ಬಣ್ಣ ಬಿಟ್ಟರೆ ಇಡೀ ಪೀಸನ್ನು ಬಿಸಿನೀರು, ಸೋಪಿನಲ್ಲಿ ಮತ್ತೆ ಒಗೆದು ಪರೀಕ್ಷಿಸಿ. ಮೂರು ಒಗೆತದ ನಂತರವೂ ಬಿಡುತ್ತಿದ್ದರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ. ಉಪ್ಪುನೀರು ಅಥವಾ ವಿನಿಗರ್‌ನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂದು ಮನೆಮನೆಯಲ್ಲೂ ನಂಬುತ್ತಾರೆ. ಗಿರಣಿಯಲ್ಲಿ ಬಣ್ಣ ಹಾಕಿ ಬಂದ ಕಾಟನ್‌ಗೆ ಅದರಿಂದ ಏನೂ ಆಗುವುದಿಲ್ಲ. ನೂಲಿಗೆ ಹಿಡಿಯದೆ ಉಳಿದ ಬಣ್ಣ ಒಗೆದು ಹೋಗಬೇಕು, ಬೇರೆ ದಾರಿಯಿಲ್ಲ. ಕಸೂತಿ ದಾರಕ್ಕೂ ಇದೇ ಪರೀಕ್ಷೆ ಮಾಡಿ, ಕೆಂಪು ದಾರ ಬಣ್ಣ ಬಿಡುವುದೂ ಅಪರೂಪವಲ್ಲ.

ಕ್ರಿಸ್‌ಮಸ್ ಕಾಲದಲ್ಲಿ ಅಂಗಡಿ ತುಂಬ ಕಾಣುವ ಫೆಲ್ಟ್, ಮಿನುಗು ಫೋಮ್ ಶೀಟ್, ಚಿನ್ನದ ಟಿಶ್ಯೂ ಬಟ್ಟೆ ಇವುಗಳತ್ತ ಹೋಗಬೇಡಿ. ಪಾಲಿಯೆಸ್ಟರ್ ಫೆಲ್ಟ್ ಕಾಟನ್ ಇಸ್ತ್ರಿಗೆ ಕರಗುತ್ತದೆ, ಉಣ್ಣೆಯದು ಬಿಸಿನೀರಿಗೆ ಕುಗ್ಗುತ್ತದೆ, ಟಿಶ್ಯೂ ಅಂಚು ಬಿಚ್ಚುತ್ತಲೇ ಇರುತ್ತದೆ. ನಕ್ಷತ್ರಕ್ಕೆ ಸಾಸಿವೆ ಹಳದಿಯ ಕಾಟನ್ ಸಾಕು. ಗುಳೇದಗುಡ್ಡದ ಖಣದ ತುಂಡು ಮನೆಯಲ್ಲಿದ್ದರೆ ನಕ್ಷತ್ರಕ್ಕೆ ಬಹಳ ಒಪ್ಪುತ್ತದೆ. ಆದರೆ ಅದರಲ್ಲಿ ರೇಷ್ಮೆಯೋ ಕೃತಕ ರೇಷ್ಮೆಯೋ ಇರಬಹುದು, ಅಂಚು ಬೇಗ ಬಿಚ್ಚುತ್ತದೆ, ಬಣ್ಣ ಬಿಡಲೂಬಹುದು. ಮೇಲಿನ ಪರೀಕ್ಷೆಯಲ್ಲಿ ಪಾಸಾದರೆ, ಇಸ್ತ್ರಿಯ ಬಿಸಿ ತಗ್ಗಿಸಿ, ಮೇಲೊಂದು ತೆಳು ಬಟ್ಟೆ ಹಾಸಿ ಬಳಸಿ.

ಎಲ್ಲಿ ಇಡಬೇಕು ಎಂಬುದನ್ನು ಬಟ್ಟೆಯನ್ನು ಅದೇ ಮೇಜಿನ ಮೇಲೆ ಹಾಸಿ, ತಟ್ಟೆ, ಕುರ್ಚಿ, ರನ್ನರ್ ಎಲ್ಲ ಇಟ್ಟು ನೋಡಿಯೇ ತೀರ್ಮಾನಿಸಬೇಕು. ಒಗೆದ ಮೇಲೆ ನಿಮ್ಮ ಬಟ್ಟೆ ಸುಮಾರು 58×87 ಇಂಚಿಗೆ ಬಂದಿದೆ ಎಂದುಕೊಳ್ಳಿ. ಮೇಜು 36×60. ಅಂದರೆ ಉದ್ದದ ಬದಿಗಳಲ್ಲಿ 11 ಇಂಚು, ತಲೆಯ ಕಡೆ ಹದಿಮೂರೂವರೆ ಇಂಚು ಇಳಿಬೀಳುತ್ತದೆ. ಉದ್ದದ ಬದಿಯಲ್ಲಿ ಕೂತವರ ತೊಡೆಯ ಮೇಲೆ ಆ ಭಾಗ ಮುದುಡುತ್ತದೆ, ಕುರ್ಚಿ ಅದನ್ನು ಮುಚ್ಚುತ್ತದೆ, ಅಲ್ಲಿ ಹೂ ಇಟ್ಟರೆ ದಂಡ. ತಲೆಯ ಕಡೆಯ ನಡುಭಾಗವನ್ನು ರನ್ನರ್ ಮುಚ್ಚುತ್ತದೆ. ತಟ್ಟೆ, ಲೋಟ ಕೂರುವ ಜಾಗದಲ್ಲಿ ಆಪ್ಲಿಕ್ ಇದ್ದರೆ ದಪ್ಪ ಹೊಲಿಗೆಯ ಮೇಲೆ ವೈನ್ ಲೋಟ ಓಲಾಡುತ್ತದೆ. ಉಳಿಯುವುದು ನಾಲ್ಕು ಮೂಲೆ. ಟೇಬಲ್ ಕ್ಲಾತಿಗೆ ನಾಲ್ಕು ಹೂ, ರನ್ನರಿನ ಎರಡು ತುದಿಗೆ ಮೂರು ಮೂರು ನಕ್ಷತ್ರ, ನ್ಯಾಪ್ಕಿನ್ ಒಂದಕ್ಕೊಂದು ಪುಟ್ಟ ಹೂ. ಇಷ್ಟು ಸಾಕು, ಇನ್ನೂ ಸೇರಿಸಿದರೆ ಮೇಜು ತುಂಬಿ ಊಟದ ಪಾತ್ರೆಗಳೇ ಕಾಣುವುದಿಲ್ಲ.

ಮೂಲೆಯಲ್ಲಿ ಬಟ್ಟೆ ಹೇಗೆ ಬೀಳುತ್ತದೆ ಎಂದು ಹತ್ತಿರ ನಿಂತು ಗಮನಿಸಿ. ಮೇಜಿನ ಮೂಲೆಯಿಂದ ಬಟ್ಟೆಯ ಮೂಲೆಗೆ ಎಳೆದ ಓರೆಗೆರೆಯ ಮೇಲೆ ಅದು ಮಡಿಕೆಯಾಗಿ ಮುಂದೆ ಚಾಚಿ ನಿಲ್ಲುತ್ತದೆ. ಹೂವಿನ ನಡು ಆ ಗೆರೆಯ ಮೇಲೆ, ಮೇಜಿನ ಎರಡೂ ಅಂಚುಗಳಿಂದ 6 ಇಂಚು ಕೆಳಗೆ ಬರಲಿ. 6 ಇಂಚು ಅಗಲದ ಹೂ ಆಗ ಮೇಜಿನ ಅಂಚಿನಿಂದ 3 ಇಂಚು ಬಿಟ್ಟು ಶುರುವಾಗಿ, ಕೆಳಗಿನ ಅಂಚಿಗೆ 2 ಇಂಚು ಮೊದಲೇ ಮುಗಿಯುತ್ತದೆ. ಮಡಿಕೆ ಹೂವಿನ ನಡುವೆಯೇ ಹಾಯುವುದರಿಂದ ಒಂದು ಬದಿಯಿಂದ ಅರ್ಧ, ಮೂಲೆಯಿಂದ ಪೂರ್ತಿ ಕಾಣುತ್ತದೆ. ಎರಡೂ ಬದಿ ಸಮ ಇರುವ ಹೂ ಇಲ್ಲಿ ಹೊಂದುತ್ತದೆ. ಗಂಟೆ, ಅಕ್ಷರ, ದೇವದೂತ ಹೊಂದುವುದಿಲ್ಲ. ಅಳತೆಯನ್ನು ಮೇಜಿನ ಅಂಚಿನಿಂದಲೇ ಹಿಡಿಯಿರಿ, ಬಟ್ಟೆಯ ಅಂಚಿನಿಂದ ಬೇಡ. ರೆಡಿಮೇಡ್ ಅಂಚು ಎಷ್ಟೋ ಸಲ ಅರ್ಧ ಇಂಚು ಓರೆಯಾಗಿರುತ್ತದೆ. ಗುರುತಿಗೆ ಟೈಲರ್ ಚಾಕ್ ಅಥವಾ ಕಚ್ಚಾ ಹೊಲಿಗೆಯ ನಾಲ್ಕು ಎಳೆ ಸಾಕು. ನೀರಿಗೆ ಹೋಗುವ ನೀಲಿ ಪೆನ್ನಿನ ಗುರುತಿನ ಮೇಲೆ ಇಸ್ತ್ರಿ ಬಿದ್ದರೆ ಅದು ಕಾಯಂ ಕಲೆಯಾಗುತ್ತದೆ.

ರನ್ನರ್ ಒಗೆದ ಮೇಲೆ ಸುಮಾರು 69 ಇಂಚು ಆದರೆ ತುದಿಗಳಲ್ಲಿ ನಾಲ್ಕೂವರೆ ಇಂಚು ಮಾತ್ರ ಇಳಿಯುತ್ತದೆ. ಎರಡೂವರೆ ಇಂಚಿನ ನಕ್ಷತ್ರ ಸಾಕು. ಮೇಜಿನ ಅಂಚಿನ ಮಡಿಕೆ ನಕ್ಷತ್ರವನ್ನು ಹಾಯಬಾರದು, ಹಾಯ್ದಲ್ಲಿ ಹೊಲಿಗೆ ಮೊದಲು ಸವೆಯುತ್ತದೆ.

ಬೇಕಾದ ಸಾಮಾನು: ಕೆಂಪು ಅರ್ಧ ಮೀಟರ್, ಹಸಿರು ಕಾಲು ಮೀಟರ್, ಹಳದಿ ಕಾಲು ಮೀಟರ್. ಒಂದು ಮೀಟರ್ ಫ್ಯೂಸಿಬಲ್ ವೆಬ್. ಇಲ್ಲಿ ಒಂದು ಎಚ್ಚರ. ಅಂಗಡಿಯಲ್ಲಿ ಬರೀ ‘ಫ್ಯೂಸಿಂಗ್’ ಎಂದು ಕೇಳಿದರೆ ಕಾಲರ್, ಕಫ್‌ಗೆ ಹಾಕುವ ಒಂದೇ ಬದಿ ಅಂಟಿರುವ ಬಟ್ಟೆ ಕೊಡುತ್ತಾರೆ. ನಿಮಗೆ ಬೇಕಾದದ್ದು ಪೇಪರಿನ ಮೇಲೆ ಬಲೆಯಂತೆ ಅಂಟು ಕೂತಿರುವ, ಪೇಪರ್ ತೆಗೆದರೆ ಎರಡೂ ಬದಿ ಹಿಡಿಯುವ ವೆಬ್. ಅದರಲ್ಲೂ ಹೊಲಿಯಬಹುದಾದ ಹಗುರ ಬಗೆಯದು. ಹೊಲಿಗೆಯೇ ಬೇಡ ಎನ್ನುವ ದಪ್ಪ ಅಂಟಿನ ಬಗೆ ಸೂಜಿಗೆ ಮೆತ್ತಿಕೊಂಡು ದಾರ ಕಡಿಯುತ್ತದೆ, ಬಟ್ಟೆಯೂ ರಟ್ಟಾಗುತ್ತದೆ.

ಹೂ ಬರೆಯುವಾಗ ನೆನಪಿರಲಿ: ಪಾಯಿನ್‌ಸೆಟಿಯಾದಲ್ಲಿ ಕೆಂಪಾಗಿ ಕಾಣುವುದೆಲ್ಲ ಎಲೆಯೇ, ನಿಜವಾದ ಹೂ ನಡುವಿನ ಪುಟ್ಟ ಹಳದಿ ಗೊಂಚಲು. ಹಾಗಾಗಿ ದಳಗಳನ್ನು ಗುಂಡಗೆ ಮಾಡದೆ ಎಲೆಯ ಹಾಗೆ ತುದಿ ಚೂಪಾಗಿ ಬರೆದರೆ ಮಾತ್ರ ಅದರ ರೂಪ ಬರುತ್ತದೆ. ಒಂದು ಹೂವಿಗೆ ಕೆಳಗಿನ ಸುತ್ತಿನಲ್ಲಿ 3 ಇಂಚು ಉದ್ದ, ಒಂದೂವರೆ ಇಂಚು ಅಗಲದ ಆರು ದಳ. ಮೇಲಿನ ಸುತ್ತಿನಲ್ಲಿ 2 ಇಂಚು ಉದ್ದ, 1 ಇಂಚು ಅಗಲದ ಐದು ದಳ. ಮೂರು ಹಸಿರು ಎಲೆ. ಎರಡು ಸುತ್ತಿಗೆ ಕೆಂಪಿನ ಎರಡು ಛಾಯೆ ಇದ್ದರೆ ಹೂ ಎದ್ದು ಕಾಣುತ್ತದೆ. ಕೆಳಗಿನ ದಳಗಳ ಒಳತುದಿಯನ್ನು ಕತ್ತರಿಸಿ, ಮೇಲಿನ ಸುತ್ತಿನ ಅಡಿಗೆ ಅರ್ಧ ಸೆಂಟಿಮೀಟರ್ ಮಾತ್ರ ಹೋಗುವಂತೆ ಬಿಡಿ. ಹನ್ನೊಂದು ತುದಿಗಳೂ ನಡುವಿಗೆ ಬಂದರೆ ಅಲ್ಲಿ ಸೂಜಿ ಇಳಿಯುವುದಿಲ್ಲ, ಮೂಲೆಯ ಮಡಿಕೆಯೂ ಬಾಗುವುದಿಲ್ಲ. ನ್ಯಾಪ್ಕಿನ್‌ಗೆ ಎರಡೂವರೆ ಇಂಚಿನ, ಆರು ಚೂಪಿನ ಒಂದೇ ತುಂಡು ಸಾಕು.

ಆಕಾರಗಳನ್ನು ವೆಬ್‌ನ ಪೇಪರ್ ಮೇಲೆ ತಿರುಗುಮುರುಗಾಗಿ ಬರೆಯಬೇಕು. ಬಾಗಿದ ಎಲೆ ಎಡಕ್ಕೆ ಬೇಕಿದ್ದರೆ ಪೇಪರಿನಲ್ಲಿ ಬಲಕ್ಕೆ. ಗೆರೆಯ ಹೊರಗೆ ಕಾಲಿಂಚು ಬಿಟ್ಟು ಪೇಪರನ್ನು ಕತ್ತರಿಸಿ. ದೊಡ್ಡ ದಳ, ಎಲೆ, ನಕ್ಷತ್ರಗಳಲ್ಲಿ ಗೆರೆಯ ಒಳಗೆ ಕಾಲಿಂಚಿನ ಪಟ್ಟಿ ಉಳಿಸಿ ನಡುವಿನ ವೆಬ್ಬನ್ನು ತೆಗೆದುಬಿಡಿ. ಅಂಟು ಬೇಕಿರುವುದು ಅಂಚಿನಲ್ಲಿ ಮಾತ್ರ. ನಡು ಖಾಲಿಯಿದ್ದರೆ ಹೂ ಬಟ್ಟೆಯ ಜೊತೆ ಮೆತ್ತಗೆ ಬೀಳುತ್ತದೆ, ನ್ಯಾಪ್ಕಿನ್ ಬಾಯಿಗೆ ಒರಟಾಗುವುದಿಲ್ಲ. ವೆಬ್ಬನ್ನು ಬಣ್ಣದ ಬಟ್ಟೆಯ ಉಲ್ಟಾ ಬದಿಗೆ ಇಸ್ತ್ರಿಯಿಂದ ಹಿಡಿಸಿ, ತಣಿಯಲು ಬಿಟ್ಟು, ಗೆರೆಯ ಮೇಲೆ ಸರಿಯಾಗಿ ಕತ್ತರಿಸಿ. ಬಿಸಿಯಿರುವಾಗಲೇ ಪೇಪರ್ ಎಳೆದರೆ ಅಂಟು ಪೇಪರಿನ ಜೊತೆ ಬರುತ್ತದೆ.

ಇಡೀ ಹೂವನ್ನು ಮೊದಲು ಬೇಕಿಂಗ್ ಪಾರ್ಚ್‌ಮೆಂಟ್ ಪೇಪರ್ ಮೇಲೆ ಜೋಡಿಸಿ, ಲಘುವಾಗಿ ಇಸ್ತ್ರಿ ಒತ್ತಿ, ತಣಿದ ಮೇಲೆ ಒಂದೇ ತುಂಡಾಗಿ ಎಬ್ಬಿಸಬಹುದು. ಸಿಲಿಕೋನ್ ಲೇಪವಿರುವ ಪೇಪರೇ ಆಗಬೇಕು, ಸಾದಾ ಬಟರ್ ಪೇಪರಿಗೆ ಅಂಟು ಕಚ್ಚಿಕೊಳ್ಳುತ್ತದೆ. ಹೀಗೆ ಮಾಡಿದರೆ ನಾಲ್ಕು ಮೂಲೆಯ ಹೂಗಳೂ ಒಂದೇ ಅಳತೆಗೆ ಬರುತ್ತವೆ, ದೊಡ್ಡ ಬಟ್ಟೆಯ ಮೇಲೆ ಬಿಡಿ ದಳಗಳನ್ನು ಹೊಂದಿಸುವ ಪರದಾಟ ಇಲ್ಲ. ಟೇಬಲ್ ಕ್ಲಾತಿನ ಮೇಲೆ ಅಂಟಿಸುವಾಗ ಇಸ್ತ್ರಿಯನ್ನು ಉಜ್ಜಬಾರದು. ಒತ್ತಿ, ವೆಬ್‌ನ ಪ್ಯಾಕೆಟ್ ಮೇಲೆ ಬರೆದಷ್ಟು ಸೆಕೆಂಡು (ಹಗುರ ವೆಬ್‌ಗೆ ಸಾಮಾನ್ಯವಾಗಿ 8ರಿಂದ 10) ಹಿಡಿದು, ಎತ್ತಿ ಪಕ್ಕಕ್ಕೆ ಇಡಿ. ಆಮೇಲೆ ಬಟ್ಟೆ ತಿರುಗಿಸಿ ಹಿಂದಿನಿಂದಲೂ ಒಮ್ಮೆ ಒತ್ತಿ. ಬಟ್ಟೆಯ ಮಡಚಿದ ಅಂಚಿನ ಮೇಲೆ ಯಾವ ತುಂಡೂ ಹತ್ತಬಾರದು, ಅರ್ಧ ಇಂಚಾದರೂ ಬಿಡಿ. ಅಲ್ಲಿ ಪದರ ಹೆಚ್ಚಿ ಮಶೀನ್ ಹೊಲಿಗೆ ಹಾರಿಸುತ್ತದೆ.

ಅಂಟು ಇರುವುದು ಹೊಲಿಯುವ ತನಕ ತುಂಡು ಅಲುಗದಿರಲಿ ಎಂದಷ್ಟೇ. ಬಾಳಿಕೆ ಕೊಡುವುದು ಹೊಲಿಗೆ. ಅಲ್ಲಲ್ಲಿ ಜಿಗ್‌ಜ್ಯಾಗ್ ಹೊಡೆದದ್ದು ಸಾಲದು, ಕತ್ತರಿಸಿದ ಅಂಚು ಎಲ್ಲೂ ಬರಿದಾಗಿ ಉಳಿಯಬಾರದು. 75 ಅಥವಾ 80 ನಂಬರಿನ ಹೊಸ ಸೂಜಿ ಹಾಕಿ. ದಾರ 40 ನಂಬರಿನ ಪಾಲಿಯೆಸ್ಟರ್ ಎಂಬ್ರಾಯಿಡರಿ ದಾರ. ಅಂಗಡಿಯಲ್ಲಿ ‘ಸಿಲ್ಕ್ ದಾರ’ ಎಂದು ಕೊಡುವುದು ಹೆಚ್ಚಾಗಿ ರೇಯಾನ್. ಹೊಳಪು ಚೆಂದ, ಆದರೆ ಒದ್ದೆಯಾದಾಗ ಅದರ ಬಲ ಕುಂದುತ್ತದೆ, ಮತ್ತೆ ಮತ್ತೆ ಒಗೆಯುವ ಬಟ್ಟೆಗೆ ಸಲ್ಲದು. ಜಿಗ್‌ಜ್ಯಾಗ್ ಅಗಲ 2.5ರಿಂದ 3 ಮಿಲಿಮೀಟರ್, ಉದ್ದ 0.4ರ ಆಸುಪಾಸು. ಮೇಲಿನ ದಾರದ ಟೆನ್ಷನ್ (ಬಿಗಿತ) ಒಂದು ನಂಬರ್ ಇಳಿಸಿದರೆ ಅಡಿಯ ಬಾಬಿನ್ ದಾರ ಮೇಲೆ ಇಣುಕುವುದಿಲ್ಲ. ಅಡಿಯಲ್ಲಿ ಗುಳಿ ಇರುವ ಸ್ಯಾಟಿನ್ ಫುಟ್ ಹಾಕಿ. ಸಾದಾ ಫುಟ್ ಒತ್ತಾದ ಹೊಲಿಗೆಯ ಮೇಲೆ ಸಿಕ್ಕಿಕೊಂಡು ಒಂದೇ ಕಡೆ ಗುಡ್ಡೆ ಹಾಕುತ್ತದೆ.

ಸುಕ್ಕಿನ ಎರಡನೇ ಕಾರಣ ಇಲ್ಲಿದೆ. ಒಂದೇ ಪದರದ ಬಟ್ಟೆಯ ಮೇಲೆ ಒತ್ತು ಜಿಗ್‌ಜ್ಯಾಗ್ ಹೊಡೆದರೆ ಪ್ರತಿ ಹೊಲಿಗೆಯೂ ಬಟ್ಟೆಯನ್ನು ಅಡ್ಡಕ್ಕೆ ಸೆಳೆಯುತ್ತದೆ. ಕಂಪ್ಯೂಟರ್ ಎಂಬ್ರಾಯಿಡರಿಯವರು ಬಟ್ಟೆಯ ಅಡಿಗೆ ಇಟ್ಟು ಆಮೇಲೆ ಹರಿದು ತೆಗೆಯುವ ನಾನ್‌ವೋವನ್ ಪೇಪರ್ ತಂದು, ಹೂವಿಗಿಂತ ಸುತ್ತಲೂ 2 ಇಂಚು ದೊಡ್ಡದಾಗಿ ಇಡಿ. ಸಿಗದಿದ್ದರೆ ತೆಳು ಟ್ರೇಸಿಂಗ್ ಪೇಪರ್ ಆಗುತ್ತದೆ. ನ್ಯೂಸ್‌ಪೇಪರ್ ಬೇಡ, ಮಸಿ ಬಿಳಿಗೆ ಹತ್ತುತ್ತದೆ. ಅದೇ ಬಟ್ಟೆ, ಅದೇ ಪೇಪರ್ ಇಟ್ಟು ಒಂದು ಚೂರಿನ ಮೇಲೆ ಹೊಲಿದು ನೋಡಿದ ಮೇಲೆಯೇ ಟೇಬಲ್ ಕ್ಲಾತಿಗೆ ಕೈ ಹಾಕಿ. ಹೊಲಿಯುವಾಗ ಉಳಿದ ಬಟ್ಟೆ ನೆಲಕ್ಕೆ ಜೋತುಬಿದ್ದರೆ ಅದರ ಭಾರಕ್ಕೆ ಅಂಚು ಸೊಟ್ಟಗಾಗುತ್ತದೆ. ಸುರುಳಿ ಸುತ್ತಿ ಕ್ಲಿಪ್ ಹಾಕಿ, ಎಡಕ್ಕೆ ಇನ್ನೊಂದು ಮೇಜೋ ಕುರ್ಚಿಯೋ ಇಟ್ಟು ಭಾರ ಹೊರಿಸಿ.

ಸೂಜಿಯ ಬಲ ಏಟು ತುಂಡಿನ ಅಂಚಿಗೆ ತಾಗಿ ಬಿಳಿ ಬಟ್ಟೆಗೆ ಬೀಳಬೇಕು, ಎಡ ಏಟು ಬಣ್ಣದ ತುಂಡಿನ ಒಳಗೆ. ಹೊರಬಾಗಿನಲ್ಲಿ ತಿರುಗಿಸುವಾಗ ಸೂಜಿ ಹೊರಗೆ, ಅಂದರೆ ಬಿಳಿಯ ಮೇಲೆ ಇಳಿದಿರಲಿ. ಒಳಬಾಗಿನಲ್ಲಿ, ನಕ್ಷತ್ರದ ಎರಡು ಚೂಪುಗಳ ನಡುವಿನ ಕಣಿವೆಯಲ್ಲಿ, ಒಳಗೆ ಇಳಿದಿರಲಿ. ಇದು ಅದಲುಬದಲಾದರೆ ಹೊಲಿಗೆಗಳ ನಡುವೆ ತ್ರಿಕೋನದಂತೆ ಸಂದು ಬಿಡುತ್ತದೆ, ಅಂಚು ಏಳುವುದು ಅಲ್ಲಿಂದಲೇ. ದಳದ ಚೂಪಿಗೆ ಬರುತ್ತಿದ್ದಂತೆ ಅಗಲವನ್ನು ಮೂರರಿಂದ ಒಂದಕ್ಕೆ ಇಳಿಸುತ್ತ ಬಂದು, ತುದಿಯಲ್ಲಿ ತಿರುಗಿಸಿ, ಮತ್ತೆ ಏರಿಸುತ್ತ ಹೋಗಿ. ಕೆಳಗಿರುವ ಎಲೆ ಮೊದಲು, ಆಮೇಲೆ ಕೆಳಸುತ್ತಿನ ದಳ, ಕೊನೆಗೆ ಮೇಲಿನದು. ರಿವರ್ಸ್ ಹೊಲಿಗೆ ಹಾಕಬೇಡಿ, ಗಂಟು ಉಬ್ಬುತ್ತದೆ. ದಾರಗಳನ್ನು ಹಿಂದಕ್ಕೆ ಎಳೆದು ಕೈಯಿಂದ ಗಂಟು ಹಾಕಿ. ನ್ಯಾಪ್ಕಿನ್ ಎರಡೂ ಬದಿ ಕಾಣುವುದರಿಂದ ಬಾಬಿನ್‌ಗೂ ಮೇಲಿನ ಬಣ್ಣದ ದಾರವನ್ನೇ ತುಂಬಿ.

ಮನೆಯಲ್ಲಿ ನೇರ ಹೊಲಿಗೆಯ ಕಪ್ಪು ಮಶೀನ್ ಮಾತ್ರ ಇರುವವರು ಅದರಿಂದ ಅಂಚು ಮುಚ್ಚಲು ಹೋಗಬೇಡಿ. ಕೈಯಿಂದ ಕಾಜಾ ಹೊಲಿಗೆ ಹಾಕಿ. ಕಸೂತಿ ದಾರದ ಆರು ಎಳೆಯಲ್ಲಿ ಎರಡನ್ನು ಮಾತ್ರ ತೆಗೆದುಕೊಂಡು, 3 ಮಿಲಿಮೀಟರ್ ಆಳ, 3 ಮಿಲಿಮೀಟರ್ ಅಂತರ. ಒಂದು ದೊಡ್ಡ ಹೂವಿಗೆ ಒಂದು ಇಡೀ ಸಂಜೆ ಬೇಕು, ಆದರೆ ಸುಕ್ಕಿನ ಭಯವೇ ಇಲ್ಲ.

ಹೂವಿನ ನಡುವಿಗೆ ಮಣಿ, ಕುಂದನ್ ಅಂಟಿಸುವ ಆಸೆ ಬಿಡಿ. ತಟ್ಟೆ ಗೀಚುತ್ತದೆ, ಒಗೆಯುವಾಗ ಉದುರುತ್ತದೆ. ಹಳದಿ ದಾರದ ಎರಡು ಎಳೆಯಿಂದ ಏಳೆಂಟು ಗಂಟು ಹೊಲಿಗೆ ಹಾಕಿದರೆ ನಿಜವಾದ ಗೊಂಚಲಿನಂತೆಯೇ ಕಾಣುತ್ತದೆ.

ಬಳಸಿದ ಮೇಲೆ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಕ್ಲೋರಿನ್ ಬ್ಲೀಚ್ ಬೇಡವೇ ಬೇಡ. ವೈನ್ ಚೆಲ್ಲಿದರೆ ಉಜ್ಜದೆ ಒತ್ತಿ ಹೀರಿಸಿ, ಕೂಡಲೇ ತಣ್ಣೀರು ಹಾಯಿಸಿ. ಸಾರಿನ ಅರಿಶಿನದ ಕಲೆ ಸೋಪು ತಾಗಿದಾಗ ಕೆಂಪಗೆ ತಿರುಗಿದರೆ ಗಾಬರಿ ಬೇಡ. ತೊಳೆದು ಬಿಸಿಲಿಗೆ ಹಾಕಿದರೆ ಅರಿಶಿನ ತಾನಾಗಿ ಮಾಸುತ್ತದೆ. ಕಲೆ ಇರುವ ಜಾಗ ಮಾತ್ರ ಬಿಸಿಲಿಗೆ ಬೀಳಲಿ, ಹೂವಿನ ಭಾಗವನ್ನು ಮಡಚಿ ನೆರಳಿಗೆ ಬಿಡಿ. ಇಸ್ತ್ರಿಯನ್ನು ದಪ್ಪ ಟವೆಲ್ ಮೇಲೆ ಉಲ್ಟಾ ಹಾಸಿ ಮಾಡಿ. ಕರಾವಳಿಯ ಮಳೆಗಾಲ ಕಳೆಯಬೇಕಾದ ಬಟ್ಟೆಗೆ ಗಂಜಿ ಹಾಕಿ ಇಡಬಾರದು, ಬೂಸು ಮತ್ತು ಹುಳು ಎರಡಕ್ಕೂ ಅದು ಆಹಾರ. ಪೂರ್ತಿ ಒಣಗಿಸಿ, ರಟ್ಟಿನ ಕೊಳವೆಗೆ ಸುತ್ತಿ, ಪ್ಲಾಸ್ಟಿಕ್ ಬದಲು ಹಳೆಯ ಕಾಟನ್ ಬಟ್ಟೆಯಲ್ಲಿ ಕಟ್ಟಿಡಿ.

ಇನ್ನು ಕಳೆದ ವರ್ಷದ್ದು. ಉಳಿಸಬಹುದು. ಎದ್ದ ಅಂಚಿನ ಬಿಚ್ಚಿದ ನೂಲುಗಳನ್ನು ಕತ್ತರಿಸಿ, ಅಡಿಗೆ ವೆಬ್‌ನ ಸಣ್ಣ ಪಟ್ಟಿ ತೂರಿಸಿ ಮತ್ತೆ ಒತ್ತಿ, ಅಡಿಗೆ ಪೇಪರ್ ಇಟ್ಟು ಸುತ್ತಲೂ ಸ್ಯಾಟಿನ್ ಹೊಲಿಗೆ (ಮೇಲೆ ಹೇಳಿದ ಒತ್ತು ಜಿಗ್‌ಜ್ಯಾಗ್) ಹಾಕಿ. ಬಟ್ಟೆ ಕುಗ್ಗಿಯಾಗಿದೆ, ಹೊಸ ಸುಕ್ಕು ಬರುವುದು ಕಡಿಮೆ. ಹಳೆಯ ಸುಕ್ಕು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಗುಲಾಬಿ ಬಣ್ಣಕ್ಕೆ ಆಕ್ಸಿಜನ್ ಬ್ಲೀಚ್ ಪುಡಿಯನ್ನು ಪ್ಯಾಕೆಟ್ಟಿನ ಅಳತೆಯಂತೆ ಬೆಚ್ಚಗಿನ ನೀರಿಗೆ ಹಾಕಿ ನೆನೆಸಿ ನೋಡಿ, ಆದರೆ ಮೊದಲು ಅದೇ ಕೆಂಪಿನ ಚೂರನ್ನು ಆ ನೀರಲ್ಲಿ ಹಾಕಿ ಪರೀಕ್ಷಿಸಿ; ಕೆಂಪು ಮತ್ತೆ ಬಿಡುತ್ತಿದ್ದರೆ ಹಳೆಯ ಹೂಗಳನ್ನು ಬಿಚ್ಚಿದ ನಂತರವೇ ನೆನೆಸಬೇಕು. ನೆನೆಸಿದ ಮೇಲೂ ಹೂವಿನ ಹತ್ತಿರ ಉಳಿದ ಕಲೆಯನ್ನು ಎರಡು ಹಸಿರೆಲೆ ಸೇರಿಸಿ ಮುಚ್ಚಿಬಿಡಿ.